ತಮ್ಮನ ಪಾಲಿನ ಡಿ ಡ್ರೈವ್

ಆ ಕೆಂಪು ಪಟ್ಟಿ ಕಂಡರೆ ಸುಷ್ಮಾಗೆ ಮೈ ಉರಿಯುತ್ತಿತ್ತು. ಕಂಪ್ಯೂಟರ್ ತೆರೆದರೆ ಮೊದಲು ಕಣ್ಣಿಗೆ ಹೊಡೆಯುವುದೇ ಅದು. ಸಿ ಡ್ರೈವ್ ಎಂಬ ಹೆಸರಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಕೆಂಪು, ಒಂದು ಕೂದಲು ತೂರಿಸಲೂ ಜಾಗವಿಲ್ಲ. ಅದರ ಪಕ್ಕದಲ್ಲೇ ಡಿ ಡ್ರೈವ್. ಅದರ ಪಟ್ಟಿ ಮಾತ್ರ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗೆ. ಒಂದು ಫೋಟೋ ಇಲ್ಲ, ಒಂದು ಹಾಡಿಲ್ಲ. ಸಿ ಗಿಂತ ಮೂರು ಪಟ್ಟು ದೊಡ್ಡ ಜಾಗ ಹತ್ತು ಹನ್ನೆರಡು ವರ್ಷದಿಂದ ಬೀಳು ಬಿದ್ದಿತ್ತು. ಆದರೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಅದು ಮಾವನ ತಮ್ಮನ ಪಾಲು.

ನಗುವವರು ನಗಲಿ. ಮದುವೆಯಾಗಿ ಹುಂಚದ ಹತ್ತಿರದ ಈ ಮನೆಗೆ ಬಂದ ಹೊಸತರಲ್ಲಿ ಸುಷ್ಮಾನೂ ನಕ್ಕಿದ್ದಳು. ಆಮೇಲೆ ಗೊತ್ತಾಯಿತು, ಇದು ನಗುವ ವಿಷಯವಲ್ಲ ಎಂದು.

ಅವಳ ಮಾವ ಬೆಳ್ಳಪ್ಪ ಮತ್ತು ಅವರ ತಮ್ಮ ಕನ್ನಪ್ಪ ಪಾಲಾದಾಗ ಎಲ್ಲವೂ ಸಲೀಸಾಗಿ ಹಂಚಿಹೋಗಿತ್ತಂತೆ. ತಾಮ್ರದ ಹಂಡೆ ತಮ್ಮನಿಗೆ, ಒರಳು ಅಣ್ಣನಿಗೆ. ಹಿತ್ತಿಲ ಹಲಸಿನ ಹಣ್ಣು ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ. ಕೊನೆಗೆ ಉಳಿದದ್ದು ಕಂಪ್ಯೂಟರ್. ಎರಡೂ ಕಡೆಯ ಮಕ್ಕಳು ಕಲಿಯಲಿ ಎಂದು ಒಟ್ಟು ಮನೆಯಾಗಿದ್ದಾಗ ಸಾಗರದಿಂದ ತಂದದ್ದು. ಅದನ್ನು ಹಲಸಿನ ಹಣ್ಣಿನ ಹಾಗೆ ಸೀಳುವುದು ಹೇಗೆ? ಪಂಚಾಯ್ತಿಗೆ ಕೂತಿದ್ದ ನಾರಾಯಣಮೂರ್ತಿ ಮೇಷ್ಟ್ರಿಗೆ ಕಂಪ್ಯೂಟರಿನ ಬಗ್ಗೆ ಚೂರುಪಾರು ಗೊತ್ತಿತ್ತು. ಚೂರುಪಾರು ಗೊತ್ತಿದ್ದವರಿಂದಲೇ ಲೋಕಕ್ಕೆ ತಾಪತ್ರಯ. ಅವರು ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು: "ಅದರೊಳಗೆ ಎರಡು ಕೋಣೆ ಇದಾವೆ. ಸಿ ಅಣ್ಣನಿಗೆ, ಡಿ ತಮ್ಮನಿಗೆ. ಡಬ್ಬ ದೊಡ್ಡ ಮನೇಲೇ ಇರ್ಲಿ." ಕೂತಿದ್ದ ಹಿರಿಯರೆಲ್ಲ ಹೌದೌದು ಎಂದರು.

ಅದಾದ ಮರುವಾರವೇ ಬೇಲಿ ಹಾಕುವಾಗ ಕನ್ನಪ್ಪ ನಾಲ್ಕು ಜನರ ಮುಂದೆ ಒಂದು ಮಾತು ಆಡಿಬಿಟ್ಟರು. "ಅಣ್ಣ ಒಂದು ಗೇಣು ಒತ್ತಿದಾನೆ." ಅಷ್ಟೇ. ಅವತ್ತಿನಿಂದ ಅಣ್ಣ ತಮ್ಮ ಮಾತು ಬಿಟ್ಟರು. ಕನ್ನಪ್ಪ ಹೆಂಡತಿಯ ಊರಾದ ಮೇಳಿಗೆಗೆ ಹೋಗಿ ಅಲ್ಲೇ ನಿಂತರು. ಬೆಳ್ಳಪ್ಪನವರ ಎದೆಯಲ್ಲಿ ಆ ಗೇಣು ಮುಳ್ಳಾಗಿ ಮುರಿದುಕೊಂಡಿತು. ಒತ್ತುವರಿ ಮಾಡುವವನೇ ನಾನು? ನೋಡೋಣ ಎಂದು ಅವರು ತಮ್ಮನ ಡಿ ಡ್ರೈವನ್ನು ಕಾಯತೊಡಗಿದರು.

ಕಾಯುವುದು ಎಂದರೆ ನಿಜವಾಗಿಯೂ ಕಾಯುವುದು. ಬೆಳಿಗ್ಗೆ ಕಾಫಿ ಕುಡಿದವರೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಎರಡೇ ವಿದ್ಯೆ, ಅದನ್ನು ಚಾಲೂ ಮಾಡುವುದು ಮತ್ತು ಡ್ರೈವುಗಳ ಪಟ್ಟಿ ಕಾಣುವ ಕಿಟಕಿ ತೆರೆಯುವುದು. ಡಿ ಡ್ರೈವಿನ ಬಿಳಿ ಪಟ್ಟಿಯನ್ನು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, ಎಲ್ಲೂ ತುಂಬಿದ ಗುರುತಿನ ನೀಲಿ ಹತ್ತಿಲ್ಲವೆಂದು ಖಾತ್ರಿಯಾದ ಮೇಲೆ ಏಳುತ್ತಿದ್ದರು. ಒಮ್ಮೆ ಮೊಮ್ಮಗಳು ಕಾವ್ಯಾ ತಿಳಿಯದೆ ನಾಲ್ಕು ಕಾರ್ಟೂನ್ ಅಲ್ಲಿ ಇಟ್ಟಿದ್ದಳು. ಅವತ್ತು ಅಜ್ಜ ಮಧ್ಯಾಹ್ನದ ಊಟ ಬಿಟ್ಟಿದ್ದರು.

ಇಷ್ಟಾದರೂ ಸುಷ್ಮಾ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಈ ಪರೀಕ್ಷೆ ಬಂದ ಮೇಲೆ.

ಅವಳು ಬಿ.ಎ. ಮಾಡಿದವಳು, ತೀರ್ಥಹಳ್ಳಿಯಲ್ಲಿ ಕನ್ನಡ ಟೈಪಿಂಗ್ ಪಾಸು ಮಾಡಿದವಳು. ಮದುವೆಯಾದ ಮೇಲೆ ಯಾರಾದರೂ ಸೊಸೆ ಏನು ಮಾಡ್ತಾಳೆ ಎಂದು ಕೇಳಿದರೆ ಮನೆಯವರೆಲ್ಲ ಒಂದೇ ಸ್ವರದಲ್ಲಿ "ಮನೇಲೇ ಇದ್ದಾಳೆ" ಎನ್ನುತ್ತಿದ್ದರು. ಮನೆಯಲ್ಲೇ ಇರುವ ಹೆಂಗಸು ದಿನವಿಡೀ ಏನು ಮಾಡುತ್ತಾಳೆಂದು ಹೇಳುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಬೇಕಿಲ್ಲ. ಆ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಹೀಗಿರುವಾಗ ಒಂದು ಕಂಪನಿಯವರು ಕೆಲಸಕ್ಕೆ ಜನ ಕರೆದಿದ್ದರು. ಮಾತು ಕೇಳಿಸಿಕೊಂಡು ಕನ್ನಡದಲ್ಲಿ ಟೈಪ್ ಮಾಡಬೇಕು, ಮನೆಯಿಂದಲೇ. ಅವಳ ಕೈಗೆ ಹೇಳಿ ಮಾಡಿಸಿದ ಕೆಲಸ. ಪರೀಕ್ಷೆ ಮಾತ್ರ ಕಂಪ್ಯೂಟರಿನಲ್ಲೇ ಬರೆಯಬೇಕು, ಅದಕ್ಕೆ ಅವರದೇ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಬೇಕು, ಅದಕ್ಕೆ ಸಿ ಡ್ರೈವಿನಲ್ಲಿ ಇಪ್ಪತ್ತು ಜಿಬಿ ಖಾಲಿ ಇರಬೇಕು.

ಮೊದಲ ಸಲ ಪರೀಕ್ಷೆಯ ದಿನ ಜಾಗ ಸಾಲದು ಎಂದು ಸಾಫ್ಟ್‌ವೇರ್ ಅರ್ಧಕ್ಕೆ ನಿಂತಿತು. ಅವಳು ಒದ್ದಾಡುತ್ತಿರುವಂತೆಯೇ ಹೊತ್ತು ಮೀರಿತು. ಬೇಡಿ ಕಾಡಿ ಬರೆದದ್ದಕ್ಕೆ ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು, ಸೋಮವಾರ ಹನ್ನೊಂದು ಗಂಟೆಗೆ. ಇದೇ ಕೊನೆ ಎಂದೂ ತಿಳಿಸಿದರು.

ಸರಿ, ಜಾಗ ಮಾಡಲು ಕೂತಳು. ಬೇಡದ ಫೈಲು, ಹಳೆಯ ಅಪ್‌ಡೇಟಿನ ಕಸ, ಕಸದ ಬುಟ್ಟಿ ಎಲ್ಲ ಗುಡಿಸಿ ಒಂದಿಷ್ಟು ಜಾಗ ಮಾಡಿ ಮಲಗಿದರೆ, ಬೆಳಿಗ್ಗೆ ವಿಂಡೋಸ್ ತಾನಾಗಿಯೇ ಹೊಸ ಅಪ್‌ಡೇಟು ಇಳಿಸಿಕೊಂಡು ಅಷ್ಟನ್ನೂ ನುಂಗಿ ಕೂತಿರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೆಂಪು ಪಟ್ಟಿ ಕೆಂಪಾಗಿಯೇ ಇತ್ತು.

ಉಳಿದದ್ದು ಮನೆಯವರ ಸಾಮಾನು. ಗಂಡ ಉಮೇಶನ ವಾಲಿಬಾಲ್ ಪಂದ್ಯಗಳ ವೀಡಿಯೋಗಳೇ ಅರ್ಧ ಡ್ರೈವ್ ತಿಂದಿದ್ದವು.

"ಇದನ್ನ ಅಳಿಸ್ಲಾ?" ಎಂದು ಕೇಳಿದಳು.

"ಏಯ್, ಅದು ಹೊಸನಗರದ ಫೈನಲ್ಲು ಮಾರಾಯ್ತಿ!"

"ಸೋತಿದ್ರಲ್ಲ ಅದ್ರಲ್ಲಿ?"

"ಸೋತ್ರೂ ಫೈನಲ್ಲು ಫೈನಲ್ಲೇ."

ಅತ್ತೆ ಕನ್ನಮ್ಮನ ಭಜನೆಗಳನ್ನು ಮುಟ್ಟುವಂತಿಲ್ಲ, ದೇವರ ಕೆಲಸ. ಕಾವ್ಯಾಳ ಶಾಲೆಯ ಡ್ಯಾನ್ಸುಗಳನ್ನು ಅಳಿಸಲು ಅವಳಿಗೇ ಮನಸ್ಸಿಲ್ಲ. ಈ ಮನೆಯಲ್ಲಿ ಮುರಿದ ಮೊರವನ್ನೂ ಯಾರೂ ಎಸೆದವರಲ್ಲ, ಯಾವುದಕ್ಕಾದರೂ ಬೇಕಾಗ್ತದೆ ಎಂದು ಅಟ್ಟಕ್ಕೆ ಹಾಕುವವರು. ಶನಿವಾರ ಸಂಜೆ ಈ ಕಂಪ್ಯೂಟರ್ ರಿಪೇರಿ ಮಾಡಿಕೊಡುವ ಸಾಗರದ ಅಂಗಡಿಯ ಕೃಷ್ಣಕುಮಾರನಿಗೆ ಫೋನು ಮಾಡಿ ಹೊಸ ಡಿಸ್ಕು ಕೇಳಿದರೆ, ತರಿಸಬೇಕು, ಮಂಗಳವಾರ ಆಗಬಹುದು ಎಂದ. ಆಮೇಲೆ ಅವನೇ ಹೇಳಿದ, "ಅಲ್ಲಾ ಮೇಡಂ, ನಿಮ್ಮ ಡಿ ಡ್ರೈವ್ ಪೂರ್ತಿ ಖಾಲಿ ಇದೆಯಲ್ಲ, ಅದಕ್ಕೆ ಎಳೆದು ಹಾಕಿ. ಮುಗೀತು." ಸುಷ್ಮಾ ಫೋನಿಟ್ಟಳು. ದೇವರು ಕೊಟ್ಟರೂ ಪೂಜಾರಿ ಬಿಡ ಅಂತ ಅವನಿಗೆ ಹೇಗೆ ಹೇಳುವುದು?

ಪೂಜಾರಿಯ ಹತ್ತಿರವೇ ಕೊನೆಗೆ ಹೋದಳು.

"ಮಾವ, ಒಂದೇ ದಿನಕ್ಕೆ. ಪರೀಕ್ಷೆ ಮುಗಿದ ಕೂಡ್ಲೇ ವಾಪಸ್ ತೆಗೀತೀನಿ."

ಬೆಳ್ಳಪ್ಪನವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. "ನೋಡು ಮಗಾ, ನಂದಾಗಿದ್ರೆ ಕೇಳೋದೇ ಬ್ಯಾಡಿತ್ತು. ಒಂದು ದಿನ ಹಾಕಿದ್ರೂ ಹಾಕಿದ ಹಂಗೇ. ಬೇಲಿ ಒಂದು ದಿನ ಸರಿಸಿದ್ರೆ ಒತ್ತಿದ್ದು ಅಲ್ಲ ಅಂತಾರಾ?" ಎಂದರು.

"ಹಾಗಾದ್ರೆ ಚಿಕ್ಕಮಾವನ್ನ ಒಂದು ಮಾತು ಕೇಳಿ."

"ನಾನು ಕೇಳಲ್ಲ." ಮಾವ ಮುಖ ತಿರುಗಿಸಿದರು. "ನೀನು ಬೇಕಾದ್ರೆ ಕೇಳು. ಫೋನಲ್ಲಿ ಬ್ಯಾಡ. ಪಾಲಿನ ವಿಷಯ ಫೋನಲ್ಲಿ ಆಡಬಾರದು."

ಸುಷ್ಮಾಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಭಾನುವಾರ ಬೆಳಿಗ್ಗೆ ಎದ್ದು, ಡ್ರೈವುಗಳ ಪಟ್ಟಿಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಸ್ಸು ಹತ್ತಿದಳು. ತೀರ್ಥಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು, ನಿಂತುಕೊಂಡೇ ಮೇಳಿಗೆಗೆ ಹೋದಳು. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಒಂದು ಫೈಲನ್ನು ಎರಡು ಬೆರಳು ಅಗಲ ಆಚೆ ಎಳೆಯುವುದಕ್ಕೆ ಎರಡು ಬಸ್ಸು ಹತ್ತಿದ ಹೆಂಗಸು ಭೂಮಿಯ ಮೇಲೆ ತಾನೊಬ್ಬಳೇ ಇರಬೇಕು.

ಚಿಕ್ಕಮಾವ ಕನ್ನಪ್ಪ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಅವರ ಸೊಸೆ ಬಿಂದು ಓಡಿ ಬಂದು ಕೈ ಹಿಡಿದಳು, ನೀರು ಬೆಲ್ಲ ಕೊಟ್ಟಳು. ಸುಷ್ಮಾ ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲೇ ಬಂದ ವಿಷಯ ಹೇಳಿದಳು.

"ಡಿ ಅಂದ್ರೆ ಎಂತ?" ಕನ್ನಪ್ಪ ಕೇಳಿದರು.

ಸುಷ್ಮಾ ಬೆಲ್ಲದ ತುಂಡು ಕೈಯಲ್ಲಿ ಹಿಡಿದು ಹಾಗೇ ನಿಂತಳು. "ಡಿ ಡ್ರೈವ್ ಚಿಕ್ಕಮಾವ. ನಿಮ್ಮ ಪಾಲು. ನಾರಾಯಣಮೂರ್ತಿ ಮೇಷ್ಟ್ರು ಕೊಡ್ಸಿದ್ದು."

"ಓ... ಆ ಕಂಪ್ಯೂಟರ್ರಾ? ಅದು ಇನ್ನೂ ಇದ್ಯಾ?"

ಇಲ್ಲಿ ಮೂರು ಲ್ಯಾಪ್‌ಟಾಪ್ ಬಂದು ಹೋಗಿವೆ ಎಂದು ಬಿಂದು ಹೇಳಿ ನಕ್ಕಳು. ಸುಷ್ಮಾಗೆ ನಗು ಬರಲಿಲ್ಲ. ಇಷ್ಟು ವರ್ಷ ಒಬ್ಬರು ಊಟ ಬಿಟ್ಟು ಕಾದದ್ದನ್ನು ಇನ್ನೊಬ್ಬರು ಮರೆತೇಬಿಟ್ಟಿದ್ದರು! ಅವಳು ಮೊಬೈಲು ತೆಗೆದು ಫೋಟೋವನ್ನು ಚಿಕ್ಕಮಾವನ ಮೂಗಿಗೆ ಹಿಡಿದಳು.

"ಇದು ನಮ್ದು, ಕೆಂಪಗಿರೋದು. ಇದು ನಿಮ್ದು. ಬಿಳಿ ಇದೆಯಲ್ಲ, ಅಷ್ಟೂ ಖಾಲಿ. ದಿನಾ ಬೆಳಿಗ್ಗೆ ಮಾವ ಕೂತು ನೋಡ್ತಾರೆ. ನಾವು ಉಸಿರು ಕಟ್ಟಿ ಸಾಯ್ತಿದ್ರೂ ಈ ಕಡೆ ಒಂದು ಫೋಟೋ ಹಾಕೋಕೆ ಬಿಟ್ಟಿಲ್ಲ."

ಕನ್ನಪ್ಪ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಮೊಬೈಲು ತೆಗೆದುಕೊಂಡರು. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಒಂದೂ ಹಾಕಿಲ್ವಾ?" ಎಂದರು.

"ಒಂದೂ ಇಲ್ಲ."

ಅವರು ಜಗಲಿಯ ಮೇಲೆ ಕೂತುಬಿಟ್ಟರು. ಆಮೇಲೆ ಮೆಲ್ಲಗೆ, ಬಿಂದುಗೆ ಕೇಳಿಸದ ಹಾಗೆ ಹೇಳಿದರು, "ನಾನು ಮರ್ತಿದ್ದೆ ಅಂತ ಅಣ್ಣನ ಹತ್ರ ಹೇಳಬ್ಯಾಡ ಮಗಾ."

ಅದನ್ನು ಕೇಳಿ ಸುಷ್ಮಾಳ ಸಿಟ್ಟು ಅರ್ಧ ಇಳಿಯಿತು. ಇಳಿದದ್ದು ಅವರ ಮರುಮಾತಿಗೇ ಮತ್ತೆ ಏರಿತು.

"ಹಂಗಾದ್ರೆ ಒಪ್ಪಿಗೆ ಕೊಟ್ಟ ಹಾಗಲ್ವಾ ಚಿಕ್ಕಮಾವ?"

"ಇಲ್ಲಿಂದ ಹೆಂಗೆ ಕೊಡೋದು? ನಾಳೆ ಫಸ್ಟ್ ಬಸ್ಸಿಗೆ ಬರ್ತೀನಿ. ಜಾಗ ಕಣ್ಣಲ್ಲಿ ನೋಡದೆ ಹೂಂ ಅನ್ನೋಕಾಗ್ತದಾ?"

ಅಣ್ಣ ತಮ್ಮ ಇಬ್ಬರೂ ಒಂದೇ ಮಣ್ಣಿನವರು. ಪಾಲು ಮಾಡಿದ ಮೇಷ್ಟ್ರು ಹಂಡೆ ಒರಳು ಹಂಚಿದ್ದರು, ಹಟವನ್ನು ಮಾತ್ರ ಒಟ್ಟಿಗೇ ಬಿಟ್ಟಿದ್ದರು.

ಸೋಮವಾರ ಫಸ್ಟ್ ಬಸ್ಸು ಬರಲಿಲ್ಲ. ಸುಷ್ಮಾ ತಿಂಡಿ ಮಾಡಿ, ಉಮೇಶನನ್ನು ಡೈರಿಗೂ ಕಾವ್ಯಾಳನ್ನು ಶಾಲೆಗೂ ಕಳಿಸಿ, ಹೊಸಿಲಿಗೂ ಕಂಪ್ಯೂಟರಿಗೂ ಓಡಾಡಿದಳು. ಒಂಬತ್ತೂವರೆ ಕಳೆದ ಮೇಲೆ ಕನ್ನಪ್ಪ ಅಂಗಳದಲ್ಲಿ ಕಾಣಿಸಿಕೊಂಡರು. ಕಾಲು ತೊಳೆದು ಒಳಗೆ ಬಂದರು. ಬೆಳ್ಳಪ್ಪನವರು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಸುಷ್ಮಾ, ಬಂದವರಿಗೆ ತೋರ್ಸು," ಎಂದರು ಬೆಳ್ಳಪ್ಪ.

ಅವಳು ಕಿಟಕಿ ತೆರೆದಳು. ಕನ್ನಪ್ಪ ಬಗ್ಗಿ ಬಿಳಿ ಪಟ್ಟಿ ನೋಡಿದರು.

"ಕೇಳು ಮಗಾ, ಬಂದವರಿಗೆ. ಎಲ್ಲಾದ್ರೂ ಗೇಣು ಒತ್ತಿದ್ದು ಕಾಣ್ತದಾ ಅಂತ."

"ಹೇಳು ಮಗಾ, ನಿಮ್ಮ ಮಾವನಿಗೆ. ಕಾಣ್ತಿಲ್ಲ."

"ಹಂಗಾದ್ರೆ ಅವತ್ತು ಬೇಲಿ ಹತ್ರ ಆಡಿದ ಮಾತು ಎಂತದ್ದು ಅಂತ ಕೇಳು."

"ಅದು ಬೇಲಿ, ಇದು ಡಬ್ಬ. ಬೇಲೀದು ಬೇರೆ ಅಂತ ಹೇಳು."

"ಬೇರೆ ಹೆಂಗೆ? ಒತ್ತೋನು ಎಲ್ಲಾದ್ರೂ ಒತ್ತುತಾನೆ!"

ನಡುವೆ ನಿಂತ ಸುಷ್ಮಾ ಟೆನಿಸ್ ನೋಡುವವರ ಹಾಗೆ ಕತ್ತು ಆಚೆ ಈಚೆ ತಿರುಗಿಸುತ್ತಿದ್ದಳು. ಗಡಿಯಾರ ಹತ್ತರ ಹತ್ತಿರ ಬಂದಿತ್ತು. ಕನ್ನಪ್ಪ ಜಾಗ ಬಳಸಿಕೊಳ್ಳಲಿ ಎಂದರೆ, ಬೆಳ್ಳಪ್ಪ ಪುಕ್ಕಟೆ ಬೇಡ ಎಂದರು. ಹಾಗಾದರೆ ಬದಲಿಗೆ ಸಿ ಯಲ್ಲಿ ಅಷ್ಟೇ ಜಾಗ ನನಗೆ ಬರೆದುಕೊಡಲಿ ಎಂದರು ಕನ್ನಪ್ಪ. ಇರುವುದೇ ಜಾಗವಿಲ್ಲದ ಗೋಳು, ಅದರಲ್ಲಿ ಇವರಿಗೆ ಬದಲಿ ಬೇರೆ! ಅವಳಿಗೆ ತಡೆಯಲಾಗಲಿಲ್ಲ.

"ನಿಲ್ಸಿ ಇಬ್ರೂ!"

ಇಷ್ಟು ವರ್ಷದಲ್ಲಿ ಮಾವನ ಎದುರು ಅವಳ ದನಿ ಏರಿದ್ದೇ ಇಲ್ಲ. ಅಡಿಗೆಮನೆಯಿಂದ ಕನ್ನಮ್ಮ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

"ಹನ್ನೊಂದಕ್ಕೆ ಪರೀಕ್ಷೆ ನಂಗೆ. ಈ ಸಲ ತಪ್ಪಿದ್ರೆ ಮತ್ತೆ ಕರೆಯಲ್ಲ ಅವ್ರು. ನಿಮ್ಮ ಗದ್ದೆ ಕೇಳಿಲ್ಲ, ಬೇಲಿ ಕೇಳಿಲ್ಲ. ಈ ಡಬ್ಬದೊಳಗೆ ಕಣ್ಣಿಗೂ ಕಾಣದ ಒಂಚೂರು ಜಾಗ ಕೇಳ್ತಿದೀನಿ. ಮದುವೆಯಾಗಿ ಬಂದಾಗಿಂದ ನಂದು ಅಂತ ಈ ಮನೇಲಿ ಒಂದು ಮೂಲೆ ಕೇಳಿದೀನಾ? ಇವತ್ತು ಕೇಳ್ತಿದೀನಿ. ಯಾರ ಪಾಲಲ್ಲಾದ್ರೂ ಕೊಡಿ!"

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂದಿತ್ತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

ಕನ್ನಪ್ಪ ಸುಷ್ಮಾಳನ್ನು ಬಿಟ್ಟು, ನೇರ ಕುರ್ಚಿಯ ಕಡೆ ತಿರುಗಿದರು.

"ಅಣ್ಣಾ, ಕೊಡಾಣ."

ಬೆಳ್ಳಪ್ಪನವರು ತಮ್ಮನ ಮುಖ ನೋಡಿದರು. "ನಿಂದು ಅದು. ನೀನು ಹೇಳ್ಬೇಕು."

"ಹೇಳ್ದೆನಲ್ಲ."

"ಹಂಗಾದ್ರೆ ತಗೋ ಮಗಾ," ಎಂದು ಬೆಳ್ಳಪ್ಪ ಕುರ್ಚಿ ಸರಿಸಿದರು.

ಸುಷ್ಮಾ ಮೂಗು ಒರೆಸಿಕೊಂಡು ಕೂತಳು. ವಾಲಿಬಾಲು, ಭಜನೆ, ಡ್ಯಾನ್ಸು ಎಲ್ಲವನ್ನೂ ಒಟ್ಟಿಗೆ ಹಿಡಿದು ಡಿ ಗೆ ಎಳೆದಳು. ಹಳೆಯ ಡಿಸ್ಕು ಹೊರಲಾರದ ಹೊರೆ ಹೊತ್ತ ಎತ್ತಿನ ಹಾಗೆ ಗುರುಗುಟ್ಟತೊಡಗಿತು. ಇನ್ನು ಹತ್ತು ನಿಮಿಷ ಎಂದು ತೋರಿಸಿತು, ಆಮೇಲೆ ಎರಡು ಗಂಟೆ ಎಂದಿತು, ಮತ್ತೆ ಐದು ನಿಮಿಷ ಎಂದಿತು. ಇದರ ಮಾತಿಗಿಂತ ಬಸ್‌ಸ್ಟ್ಯಾಂಡಿನವರ ಮಾತು ವಾಸಿ. ಬೆಳ್ಳಪ್ಪ ಮತ್ತು ಕನ್ನಪ್ಪ ಅವಳ ಎರಡು ಭುಜದ ಹಿಂದೆ ನಿಂತು, ಬಿಳಿ ಪಟ್ಟಿಗೆ ನೀಲಿ ಹತ್ತುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಕೊನೆಗೂ ಸಿ ಡ್ರೈವಿನ ಕೆಂಪು ಹೋಗಿ ನೀಲಿಯಾಯಿತು. ಪರೀಕ್ಷೆಯ ಸಾಫ್ಟ್‌ವೇರ್ ಈ ಸಲ ಅರ್ಧಕ್ಕೆ ನಿಲ್ಲದೆ ಪೂರ್ತಿ ಇಳಿದು ಕೂತಿತು. ಕ್ಯಾಮೆರಾ ತೆರೆದುಕೊಂಡು ಅವಳ ಮುಖದ ಜೊತೆಗೆ ಎರಡು ಮುದಿ ಮುಖಗಳನ್ನೂ ತೋರಿಸಿತು. ಕೆಳಗೆ ಅಕ್ಷರ ಮೂಡಿತು: ಕೋಣೆಯಲ್ಲಿ ಅಭ್ಯರ್ಥಿಯ ಹೊರತು ಯಾರೂ ಇರಬಾರದು. ಬೇರೆ ದನಿ ಕೇಳಿದರೆ ಎಚ್ಚರಿಕೆ ಕೊಡಲಾಗುವುದು. ಮೂರನೇ ಎಚ್ಚರಿಕೆಗೆ ಪರೀಕ್ಷೆ ಮುಚ್ಚುತ್ತದೆ.

"ಹೊರಗೆ ಹೋಗಿ," ಎಂದಳು ಸುಷ್ಮಾ. "ಇಬ್ರೂ. ಜಗಲಿಗೆ. ದಮ್ಮಯ್ಯ, ಮಾತಾಡ್ಬೇಡಿ."

ಅದೊಂದು ಕಷ್ಟವಾಗಲಾರದು ಎಂದುಕೊಂಡಳು. ಹತ್ತು ಹನ್ನೆರಡು ವರ್ಷ ಮಾತಾಡದೇ ಇದ್ದವರು ಇನ್ನೊಂದು ಗಂಟೆ ಮಾತಾಡದೆ ಇರಲಾರರೆ?

ಬಾಗಿಲು ಹಾಕಿ ಹೆಡ್‌ಫೋನ್ ಹಾಕಿಕೊಂಡಳು. ಕಿವಿಯಲ್ಲಿ ಯಾರದೋ ಭಾಷಣ ಶುರುವಾಯಿತು, ಅವಳ ಬೆರಳುಗಳು ಓಡತೊಡಗಿದವು. ಕೈ ಮರೆತಿರಲಿಲ್ಲ. ಮೊದಲ ಭಾಗ ಮುಗಿಯುತ್ತಿದ್ದಂತೆ ಪರದೆಯ ಮೇಲೆ ಹಳದಿ ಪಟ್ಟಿ ಮೂಡಿತು. ಬೇರೆ ದನಿ ಕೇಳಿಸುತ್ತಿದೆ. ಮೊದಲ ಎಚ್ಚರಿಕೆ.

ಅವಳು ಒಂದು ಕಿವಿ ಸರಿಸಿ ಆಲಿಸಿದಳು. ಜಗಲಿಯಿಂದ ಬರುತ್ತಿತ್ತು.

"...ಆ ಗಡಿಕಲ್ಲು ಅಪ್ಪ ನೆಟ್ಟಿದ್ದು ಅಣ್ಣಾ, ನೀನಲ್ಲ ಅಂತ ಆಮೇಲೆ ಗೊತ್ತಾತು."

"ಗೊತ್ತಾದ ಮೇಲೆ ಬಂದು ಹೇಳೋಕೆ ನಿಂಗೆ ಕಾಲು ಬಿದ್ದುಹೋಗಿತ್ತಾ?"

ಅಯ್ಯೋ ದೇವರೇ! ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಇವತ್ತೇ, ಈ ಗಂಟೆಯಲ್ಲೇ ಹೊರಬರಬೇಕಿತ್ತೇ? ಕೂಗಿ ಸುಮ್ಮನಾಗಿಸಲು ಬಾಯಿ ತೆರೆದಳು, ಮುಚ್ಚಿದಳು. ಕೂಗಿದರೆ ಅದೂ ದನಿಯೇ. ಎದ್ದು ಹೋದರೆ ಖಾಲಿ ಕುರ್ಚಿ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಈಗ ಬಾಯಿ ಮುಚ್ಚಿಸಿದರೆ ಈ ಇಬ್ಬರು ಮತ್ತೆ ತೆರೆಯುತ್ತಾರೋ ಇಲ್ಲವೋ ಯಾರು ಕಂಡಿದ್ದಾರೆ? ಅವಳಿಗೆ ಪರೀಕ್ಷೆಯೂ ಬೇಕಿತ್ತು, ಆ ಮಾತೂ ಬೇಕಿತ್ತು. ಹಲ್ಲು ಕಚ್ಚಿ ಎರಡನೇ ಭಾಗ ಟೈಪ್ ಮಾಡತೊಡಗಿದಳು. ಹೊರಗೆ ದನಿ ಏರಿತು, ಯಾರೋ ಅಳುತ್ತಿದ್ದ ಹಾಗೂ ಇತ್ತು. ಹಳದಿ ಪಟ್ಟಿ ಮತ್ತೆ ಬಂತು. ಎರಡನೇ ಎಚ್ಚರಿಕೆ.

ಮುಗಿಯಿತು ಎಂದುಕೊಂಡಳು. ಒತ್ತಕ್ಷರ ತಪ್ಪಿದವು, ತಿದ್ದಿದಳು. ಮೂರನೇ ಪಟ್ಟಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತ ಟೈಪ್ ಮಾಡಿದಳು. ಬರಲಿಲ್ಲ. ಹೊರಗೆ ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದವಾಗಿತ್ತು. ಅದು ಇನ್ನೂ ಹೆದರಿಕೆ. ಮತ್ತೆ ಜಗಳವಾಯಿತೇ, ಚಿಕ್ಕಮಾವ ಎದ್ದು ಹೋದರೇ? ಎದ್ದು ನೋಡುವ ಹಾಗಿಲ್ಲ. ಆ ಹೆದರಿಕೆಯಲ್ಲೇ ಕೊನೆಯ ಭಾಗವನ್ನೂ ಬರೆದು ಮುಗಿಸಿ ಗುಂಡಿ ಒತ್ತಿದಳು. ಪರೀಕ್ಷೆ ಸ್ವೀಕರಿಸಲಾಗಿದೆ ಎಂದು ಬಂತು.

ಹೆಡ್‌ಫೋನ್ ಎಸೆದು ಬಾಗಿಲು ತೆರೆದಳು. ಬೈಯುವುದೋ ಅಳುವುದೋ ಎಂದು ಅವಳಿಗೇ ಗೊತ್ತಿರಲಿಲ್ಲ.

ಜಗಲಿಯಲ್ಲಿ ಬೆಳ್ಳಪ್ಪ ಮತ್ತು ಕನ್ನಪ್ಪ ಪಕ್ಕಪಕ್ಕ ಕೂತಿದ್ದರು. ನಡುವೆ ಕವಳದ ತಟ್ಟೆ. ಇಬ್ಬರ ಕೆನ್ನೆಯೂ ಎಲೆಯಡಿಕೆಯಿಂದ ಉಬ್ಬಿತ್ತು, ಕಣ್ಣು ಕೆಂಪಾಗಿತ್ತು. ಅವಳನ್ನು ಕಂಡವರೇ ಬೆಳ್ಳಪ್ಪ ಬಾಯಿ ತೆರೆಯಲಾರದೆ ಹುಬ್ಬು ಏರಿಸಿ, ಆಯ್ತಾ ಎಂದು ಕೇಳಿದರು. ಕನ್ನಪ್ಪನೂ ತುಂಬಿದ ಬಾಯಲ್ಲಿ "ಊಂ?" ಎಂದರು.

ಆ ತಟ್ಟೆಯಿಂದ ಇಬ್ಬರೂ ಒಟ್ಟಿಗೆ ಎಲೆ ತೆಗೆದದ್ದನ್ನು ಸುಷ್ಮಾ ಈ ಮನೆಗೆ ಬಂದ ಮೇಲೆ ನೋಡಿಯೇ ಇರಲಿಲ್ಲ. ಕನ್ನಮ್ಮ ಕಂಬಕ್ಕೆ ಒರಗಿ ಕೂತು, ಮುಂದಿನ ಸರದಿಗೆಂದು ಇನ್ನೆರಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಿನ್ನ ಪರೀಕ್ಷೆ ಆತಾ?" ಕೇಳಿದರು ಅತ್ತೆ.

"ಆತು ಅತ್ತೆ."

"ಇವ್ರ ಬಾಯಿ ಬಿಡ್ಸೋಕೆ ಇಷ್ಟು ವರ್ಷ ಹರಕೆ ಹೊತ್ತೆ ಕಣೇ," ಎಂದರು ಕನ್ನಮ್ಮ, ಎಲೆ ಮಡಚುತ್ತ. "ಇವತ್ತು ಮುಚ್ಸೋದ್ರೊಳಗೆ ಸಾಕಾಗಿಹೋತು."